ನೊಗದಡಿ ನುಸುಳಿದ ರೋಮ್ ಸೈನ್ಯ

ಇಟಲಿಯ ಭೂಪಟವನ್ನು ಮುಂದಿಟ್ಟುಕೊಂಡು ಈ ಲೇಖನವನ್ನು ಓದಿ. ಆ ದೇಶದ ನಡುವೆ ಬೆನ್ನೆಲುಬಿನಂತೆ ಹಾಯ್ದಿರುವುದು ಅಪೆನೈನ್ ಪರ್ವತಶ್ರೇಣಿ. ಅದರ ದಕ್ಷಿಣ ಭಾಗದಲ್ಲಿ ಸ್ಯಾಮ್ನೈಟರೆಂಬ ಗುಡ್ಡಗಾಡಿನ ಜನರಿದ್ದರು. ಕುರಿ ಸಾಕಣೆ, ಬೇಸಾಯ ಅವರ ಕಸುಬು. ಅವರಿಗೆ ದೊಡ್ಡ ನಗರಗಳಿರಲಿಲ್ಲ, ರಾಜನಿರಲಿಲ್ಲ. ಬುಡಕಟ್ಟುಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು, ಅಷ್ಟೆ. ಇಂಥ ಜನರನ್ನು ಮಣಿಸಲು ರೋಮಿಗೆ ಕ್ರಿ.ಪೂ. 343ರಿಂದ 290ರವರೆಗೆ ಮೂರು ಯುದ್ಧಗಳು ಬೇಕಾದವು. ಏಕೆ?

ಮೊದಲು ಜಗಳದ ಮೂಲ ನೋಡೋಣ. ಬೆಟ್ಟದ ಕೆಳಗೆ, ಪಶ್ಚಿಮ ಕರಾವಳಿಯಲ್ಲಿ ಕಂಪೇನಿಯ ಎಂಬ ಫಲವತ್ತಾದ ಬಯಲಿದೆ. ಅದರ ಮೇಲೆ ಇಬ್ಬರಿಗೂ ಕಣ್ಣು. ಅಲ್ಲಿನ ಕಾಪುವ ನಗರ ರೋಮಿನ ನೆರವು ಬೇಡಿದಾಗ ಮೊದಲ ಯುದ್ಧ ನಡೆಯಿತು. ಅದು ಎರಡೇ ವರ್ಷಗಳಲ್ಲಿ ಮುಗಿಯಿತು. ಕ್ರಿ.ಪೂ. 326ರಲ್ಲಿ ಆರಂಭವಾದ ಎರಡನೆಯದೇ ನಿಜವಾದ ಪರೀಕ್ಷೆ.

ಕ್ರಿ.ಪೂ. 321. ಇಬ್ಬರು ಕಾನ್ಸಲರ ನೇತೃತ್ವದಲ್ಲಿ ರೋಮನ್ ಸೈನ್ಯವು ಕಾಡಿಯಂ ಬಳಿಯ ಇಕ್ಕಟ್ಟಾದ ಕಣಿವೆಯನ್ನು ಹೊಕ್ಕಿತು. ಮುಂದಿನ ದಾರಿಗೆ ಮರ, ಬಂಡೆಗಳು ಅಡ್ಡ ಬಿದ್ದಿದ್ದವು. ಹಿಂತಿರುಗಿದರೆ ಬಂದ ದಾರಿಯೂ ಮುಚ್ಚಿತ್ತು! ಒಂದು ದೊಡ್ಡ ಯುದ್ಧವೂ ನಡೆಯದೆ ಸೈನ್ಯಕ್ಕೆ ಸೈನ್ಯವೇ ಸೆರೆಯಾಯಿತು.

ಸ್ಯಾಮ್ನೈಟ್ ದಳಪತಿ ಗೇಯಸ್ ಪಾಂಟಿಯಸನು ಮುದಿ ತಂದೆ ಹೆರೆನ್ನಿಯಸನ ಸಲಹೆ ಕೇಳಿದನೆಂದು ಲಿವಿ ಬರೆಯುತ್ತಾನೆ. ಎಲ್ಲರನ್ನೂ ಮರ್ಯಾದೆಯಿಂದ ಬಿಟ್ಟುಬಿಡು, ರೋಮ್ ಎಂದೆಂದಿಗೂ ನಿನ್ನ ಗೆಳೆಯನಾಗುತ್ತದೆ ಎಂದು ತಂದೆ ಹೇಳಿಕಳುಹಿಸಿದ. ಮಗ ಒಪ್ಪಲಿಲ್ಲ. ಹಾಗಾದರೆ ಒಬ್ಬನನ್ನೂ ಉಳಿಸಬೇಡ ಎಂದನಂತೆ ಮುದುಕ. ಪಾಂಟಿಯಸನು ಎರಡನ್ನೂ ಬಿಟ್ಟು ನಡುದಾರಿ ಹಿಡಿದ. ಎರಡು ಈಟಿಗಳನ್ನು ನೆಟ್ಟು ಮೇಲೊಂದು ಈಟಿ ಕಟ್ಟಿ ನೊಗದಂತೆ ಮಾಡಿಸಿದ. ಕಾನ್ಸಲರೂ ಸೈನಿಕರೂ ಆಯುಧ ಒಪ್ಪಿಸಿ, ಒಂದೇ ಬಟ್ಟೆಯಲ್ಲಿ, ತಲೆಬಗ್ಗಿಸಿ ಅದರಡಿ ನುಸುಳಬೇಕಾಯಿತು. (ಲ್ಯಾಟಿನ್ನಿನಲ್ಲಿ ನೊಗಕ್ಕೆ 'ಯುಗುಂ' ಎಂಬ ಪದವಿದೆ, ನೊಗವೆಂಬ ಅರ್ಥವುಳ್ಳ ಸಂಸ್ಕೃತದ 'ಯುಗ' ಅದರ ಸೋದರ ಪದ.)

ಅವಮಾನಗೊಂಡ ಶತ್ರು ಜೀವಂತವಾಗಿ ಮನೆ ಸೇರಿದ. ರೋಮ್ ಆ ಒಪ್ಪಂದವನ್ನು ಕೂಡಲೇ ತಳ್ಳಿಹಾಕಿ ಸೇಡು ತೀರಿಸಿಕೊಂಡಿತೆಂಬುದು ಲಿವಿಯ ಕಥೆ. ಇಲ್ಲಿ ನೀವು ಸ್ವಲ್ಪ ಎಚ್ಚರದಿಂದಿರಬೇಕು. ಅವನು ಬರೆದದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ. ಅಲ್ಲದೆ ಅವನು ರೋಮಿನ ಅಭಿಮಾನಿ. ಸೇಡಿನ ಗೆಲುವುಗಳನ್ನು ಅನೇಕ ಇತಿಹಾಸಕಾರರು ನಂಬುವುದಿಲ್ಲ. ಕೆಲವು ವರ್ಷ ರೋಮ್ ಸುಮ್ಮನಿತ್ತೆಂದೇ ಅವರ ಅಭಿಪ್ರಾಯ. ಸ್ಯಾಮ್ನೈಟರು ಬರೆದ ಇತಿಹಾಸ ನಮಗೆ ಉಳಿದಿಲ್ಲವೆಂಬುದನ್ನೂ ಮರೆಯಬೇಡಿ.

ಕ್ರಿ.ಪೂ. 315ರಲ್ಲಿ ಲಾಟುಲೇ ಎಂಬಲ್ಲಿ ರೋಮ್ ಮತ್ತೆ ಸೋತಿತು. ಆದರೆ ಕದನದಲ್ಲಿ ಸೋತದ್ದನ್ನು ಅದು ಗುದ್ದಲಿಯಿಂದ ಗೆಲ್ಲತೊಡಗಿತು ಎನ್ನಬಹುದು. ಮರುವರ್ಷ ಸ್ಯಾಮ್ನೈಟರ ಬೆನ್ನ ಹಿಂದೆ, ಪೂರ್ವದ ಲೂಸೇರಿಯದಲ್ಲಿ, 2,500 ಜನರ ವಸಾಹತು ಹೂಡಿತು. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸನು ರೋಮಿನಿಂದ ಕಾಪುವಕ್ಕೆ ಹೆದ್ದಾರಿಯ ಕೆಲಸ ಆರಂಭಿಸಿದ. ಅದೇ ಪ್ರಸಿದ್ಧ ಅಪ್ಪಿಯನ್ ಮಾರ್ಗ. ಸೈನ್ಯ ಬೇಗ ತಲಪುವುದಕ್ಕೆ ದಾರಿ, ಕಾವಲಿಗೆ ವಸಾಹತು. ಬೆಟ್ಟದವರನ್ನು ಬೆಟ್ಟದಲ್ಲೇ ಕಟ್ಟಿಹಾಕುವ ಉಪಾಯವಿದು.

ಕ್ರಿ.ಪೂ. 298ರಲ್ಲಿ ಮೂರನೆಯ ಯುದ್ಧ. ಸ್ಯಾಮ್ನೈಟರು ಈ ಸಲ ಗಾಲರು, ಎಟ್ರುಸ್ಕನರು, ಉಂಬ್ರಿಯನರೊಡನೆ ಕೈಜೋಡಿಸಿದರು. ರೋಮನರು ಎಟ್ರೂರಿಯದ ಮೇಲೆ ಇನ್ನೊಂದು ದಂಡು ಕಳಿಸಿ ಕೊನೆಯ ಇಬ್ಬರನ್ನೂ ಬೇರೆಡೆಗೆ ಸೆಳೆದರು. ಕ್ರಿ.ಪೂ. 295ರಲ್ಲಿ ಸೆಂಟಿನಂ ಕದನದಲ್ಲಿ ಕಾನ್ಸಲ್ ಡೇಸಿಯಸ್ ಮೂಸ್ ಮಡಿದರೂ ಗೆಲುವು ರೋಮಿನದಾಯಿತು. ಐದು ವರ್ಷಗಳ ನಂತರ ಸ್ಯಾಮ್ನೈಟರು ಮಣಿದರು.

ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. ಕ್ರಿ.ಪೂ. 91ರಲ್ಲಿ ಇಟಲಿಯ ಮಿತ್ರಜನರು ರೋಮಿನ ವಿರುದ್ಧ ದಂಗೆಯೆದ್ದಾಗ ಸ್ಯಾಮ್ನೈಟರು ಮುಂಚೂಣಿಯಲ್ಲಿದ್ದರು. ಆ ದಂಗೆಕೋರರು ಅಚ್ಚುಹಾಕಿಸಿದ ಒಂದು ಬೆಳ್ಳಿ ನಾಣ್ಯ ಇಂದಿಗೂ ಉಳಿದಿದೆ. ಅದರಲ್ಲಿ ಇಟಲಿಯ ಗೂಳಿಯೊಂದು ರೋಮಿನ ತೋಳವನ್ನು ಕೊಂಬಿನಿಂದ ತಿವಿಯುತ್ತಿದೆ.