ಆರು ಅಲಗು, ಒಂದೇ ತಾಳ

ಚಿನೂಕ್ ಹೆಲಿಕಾಪ್ಟರಿಗೆ ಮುಂದೊಂದು ಹಿಂದೊಂದು ರೋಟರ್. ಒಂದೊಂದಕ್ಕೂ ಮೂರು ಅಲಗು. ಅವು ಸುತ್ತುವ ವೃತ್ತದ ಅಡ್ಡಳತೆ 18 ಮೀಟರಿಗೂ ಹೆಚ್ಚು. ಎರಡು ರೋಟರುಗಳ ನಡುವಿನ ಅಂತರ ನೋಡಿದರೆ ಸುಮಾರು 12 ಮೀಟರ್ ಮಾತ್ರ. ಅಂದರೆ ಎರಡೂ ವೃತ್ತಗಳು ಆರು ಮೀಟರಿನಷ್ಟು ಒಂದರೊಳಗೊಂದು ಹೊಕ್ಕಿವೆ. ನಿಮಿಷಕ್ಕೆ 225 ಸುತ್ತು. ಅಲಗಿನ ತುದಿ ಗಂಟೆಗೆ 775 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ಆರು ಮೀಟರಿನೊಳಗೆ ಸೆಕೆಂಡಿಗೆ 22 ಸಲ ಯಾವುದಾದರೊಂದು ಅಲಗು ಹಾದುಹೋಗುತ್ತದೆ. ಎರಡೂ ರೋಟರು ಒಂದೇ ತಾಳದಲ್ಲಿ ತಿರುಗುವುದರಿಂದ ಅಲಗುಗಳು ಒಂದಕ್ಕೊಂದು ತಾಗುವುದಿಲ್ಲ. 1961ರ ಸೆಪ್ಟೆಂಬರಿನ ಮೊದಲ ಹಾರಾಟದಿಂದ ಈವರೆಗೆ ಇಷ್ಟು ವರ್ಷ ಇದೇ ಲೆಕ್ಕದ ಮೇಲೆ ಈ ಯಂತ್ರ ಹಾರಿಕೊಂಡು ಬಂದಿದೆ.

ತಾಳ ಕಾಯುವ ಕೆಲಸ ಪೂರ್ತಿ ಗೇರುಗಳದು, ಶಾಫ್ಟುಗಳದು. ಎಂಜಿನ್ ಟರ್ಬೈನಿನ ಸುಮಾರು 15,000 ಸುತ್ತನ್ನು ಗೇರ್‌ಬಾಕ್ಸುಗಳು ಹಂತ ಹಂತವಾಗಿ 225ಕ್ಕೆ ಇಳಿಸುತ್ತವೆ. ಚಾವಣಿಯುದ್ದಕ್ಕೂ ಸಾಗುವ ಶಾಫ್ಟು ಎರಡೂ ರೋಟರುಗಳನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಒಂದು ಎಂಜಿನ್ ನಿಂತರೂ ಇನ್ನೊಂದು ಎರಡೂ ರೋಟರನ್ನು ತಿರುಗಿಸಬಲ್ಲದು. ಗೇರಿಗೆ ಮಾತ್ರ ಬದಲಿ ಇಲ್ಲ. 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ಬಳಿ, ತೈಲಬಾವಿಯ ಕೆಲಸಗಾರರನ್ನು ಕರೆತರುತ್ತಿದ್ದ ಇದರ ನಾಗರಿಕ ಮಾದರಿಯಲ್ಲಿ ಮುಂದಿನ ಗೇರ್‌ಬಾಕ್ಸಿನ ಒಂದು ಗೇರು ಬಿರುಕುಬಿಟ್ಟು ಒಡೆಯಿತು. ತಾಳ ತಪ್ಪಿ ಅಲಗಿಗೆ ಅಲಗು ಬಡಿಯಿತು. ಒಳಗಿದ್ದ 47 ಜನರಲ್ಲಿ ಉಳಿದವರು ಇಬ್ಬರೇ.

ಖಾಲಿ ಚಿನೂಕ್ ತೂಗುವುದು ಸುಮಾರು 11 ಟನ್. ನಡುವಿನ ಕೊಕ್ಕೆಯೊಂದರಲ್ಲೇ ಅದು ಹೆಚ್ಚುಕಡಿಮೆ ಅಷ್ಟೇ ಭಾರವನ್ನು ಎತ್ತಬಲ್ಲದು. ಅಂಥದ್ದನ್ನು 2022ರ ಆಗಸ್ಟಿನಲ್ಲಿ ಓ-ರಿಂಗ್ ಎಂಬ ಸಣ್ಣ ಸೀಲು ನೆಲಕ್ಕೆ ಕಟ್ಟಿಹಾಕಿತು. ವಿನ್ಯಾಸದ ನಿಯಮಕ್ಕೆ ಒಗ್ಗದ ರಿಂಗುಗಳನ್ನು ಹಾಕಿದ್ದರಿಂದ ಇಂಧನ ಸೋರಿ ಕೆಲವು ಎಂಜಿನ್‌ಗಳಿಗೆ ಬೆಂಕಿ ತಗುಲಿತ್ತು. ಅಮೆರಿಕದ ಸೇನೆ ತನ್ನ ಸುಮಾರು 400 ಚಿನೂಕ್‌ಗಳ ಹಾರಾಟವನ್ನೇ ನಿಲ್ಲಿಸಿತು. ಹಾಗೆ ನಿಲ್ಲಿಸಿದ್ದು ಸರಿಯಾದ ನಿರ್ಧಾರ.

ಬಿಡಿಭಾಗವೇ ಇಲ್ಲದೆ ಹಾರಿದ ಚಿನೂಕ್ ಕೂಡ ಇದೆ. ಫಾಕ್‌ಲೆಂಡ್ ಯುದ್ಧದಲ್ಲಿ, 1982ರ ಮೇ 25ರಂದು, ‘ಅಟ್ಲಾಂಟಿಕ್ ಕನ್ವೇಯರ್’ ಹಡಗಿಗೆ ಎಕ್ಸೋಸೆಟ್ ಕ್ಷಿಪಣಿ ಬಡಿದಾಗ ಬ್ರಿಟನ್ನಿನ ಮೂರು ಚಿನೂಕ್‌ಗಳು ಸುಟ್ಟುಹೋದವು. ಜೊತೆಗೆ ಬಿಡಿಭಾಗ, ಸ್ಪ್ಯಾನರು, ದುರಸ್ತಿ ಕೈಪಿಡಿ ಎಲ್ಲವೂ ಹೋದವು. ಆಗ ಗಾಳಿಯಲ್ಲಿದ್ದ ‘ಬ್ರಾವೊ ನವೆಂಬರ್’ ಎಂಬ ಚಿನೂಕ್ ಒಂದೇ ಉಳಿಯಿತು. ಯುದ್ಧ ಮುಗಿಯಲು ಇನ್ನು ಮೂರು ವಾರವೂ ಇರಲಿಲ್ಲ. ಅಷ್ಟರಲ್ಲಿ ಆ ಒಂಟಿ ಯಂತ್ರ ಸುಮಾರು 1,500 ಸೈನಿಕರನ್ನು, 650 ಕೈದಿಗಳನ್ನು, 550 ಟನ್ ಸರಕನ್ನು ಹೊತ್ತಿತು. ಒಂದು ಹಾರಾಟದಲ್ಲಂತೂ ಒಳಗೆ 81 ಸೈನಿಕರಿದ್ದರು. ಹಿಮ ಸುರಿಯುತ್ತಿದ್ದ ಒಂದು ರಾತ್ರಿ ಸಮುದ್ರದ ನೀರಿಗೇ ಬಡಿದು ಮತ್ತೆ ಮೇಲೆದ್ದಿತು! ಬಾಗಿಲು ಕಿತ್ತುಹೋದರೂ ಹಾರಾಟ ನಿಲ್ಲಲಿಲ್ಲ. ಕೈಪಿಡಿ ಇಲ್ಲದೆ ಅದನ್ನು ದಿನವೂ ಹಾರಲು ಅಣಿಮಾಡಿದ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಪೈಲಟ್‌ಗಳಷ್ಟೇ ಗೌರವ.

ನಮ್ಮ ವಾಯುಪಡೆಗೆ ಚಿನೂಕ್ ಸೇರಿದ್ದು 2019ರ ಮಾರ್ಚ್ 25ರಂದು, ಚಂಡೀಗಢದಲ್ಲಿ. ಈಗ 15 ಇವೆ. ಹಿಂದಿನ ರೋಟರನ್ನು ಹೊತ್ತು ನಿಲ್ಲುವ ಗೋಪುರದಂಥ ಪೈಲಾನನ್ನೂ, ಜೀಪು ಹತ್ತಿಸುವ ಹಿಂಬದಿಯ ರಾಂಪನ್ನೂ ಬೆಂಗಳೂರಿನ ಡೈನಾಮ್ಯಾಟಿಕ್ ಟೆಕ್ನಾಲಜೀಸ್ ತಯಾರಿಸಿ, ಚಿನೂಕ್ ಕಟ್ಟುವ ಬೋಯಿಂಗ್ ಕಂಪನಿಗೆ ಕಳಿಸುತ್ತದೆ.