ಡ್ರಮ್ಮಿನಲ್ಲಿ ಬೆಳೆದ ಬಾಳೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಎಷ್ಟೋ ಊರುಗಳು ಆಗ ನೀರಿನಲ್ಲಿ ನಿಂತಿದ್ದವು. ನಮ್ಮ ಮನೆಯ ಹಿತ್ತಲಲ್ಲಿ ದಾದಿ ನೆಟ್ಟ ಜವಾರಿ ಬಾಳೆಯ ಹಿಂಡು ಇತ್ತು. ನೀರು ಇಳಿದ ಮೇಲೆ ನೋಡಿದರೆ ಮನೆಯ ಗೋಡೆಯೂ ಉಳಿದಿರಲಿಲ್ಲ, ಬಾಳೆಯೂ ಉಳಿದಿರಲಿಲ್ಲ. ಆಮೇಲೆ ನಾವು ಪೇಟೆಗೆ ಬಂದು ಬಾಡಿಗೆ ಮನೆ ಹಿಡಿದೆವು. ಇಲ್ಲಿ ಅಂಗಳಕ್ಕೆಲ್ಲ ಫರಸಿ ಹಾಸಿದ್ದಾರೆ. ಒಂದು ಗಿಡ ನೆಡಲೂ ಮಣ್ಣಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಸಂಬಂಧಿಕರ ಹೊಲದಿಂದ ಒಂದು ಜವಾರಿ ಕಂದು ತಂದೆ. ಹಳೆಯ ಬಣ್ಣದ ಬಕೆಟ್ಟಿಗೆ ಎರೆಮಣ್ಣು ತುಂಬಿ, ತಳಕ್ಕೆ ಒಂದೇ ಒಂದು ತೂತು ಮಾಡಿ ನೆಟ್ಟೆ. ಎರಡು ಎಲೆ ಬಂದವು. ಮಳೆಗಾಲ ಶುರುವಾಯಿತು. ಎಲೆ ಹಳದಿಯಾಗತೊಡಗಿದಾಗ ನೀರು ಸಾಲದೆಂದು ಇನ್ನಷ್ಟು ನೀರು ಹಾಕಿದೆ. ಜುಲೈ ಮುಗಿಯುವ ಹೊತ್ತಿಗೆ ಗಡ್ಡೆ ಕೊಳೆತು ಗಿಡ ಕೈಗೆ ಕಿತ್ತು ಬಂತು. ದಾದಿ ನೋಡಿ ಅಂದರು: "ನೀರ ನಿಂತ್ರ ಬಾಳಿ ಉಳೀತೈತೇನ ಬೇಟಾ? ಹೊಳಿ ಬಂದಾಗ ನೋಡಿದ್ದು ಮರತಿಯೇನ?"

ಅದೇ ನನ್ನ ಮೊದಲ ಪಾಠ. ಬಾಳೆಗೆ ನೀರು ಬಹಳ ಬೇಕು, ಆದರೆ ನಿಂತ ನೀರು ಆಗಿಬರುವುದಿಲ್ಲ. ಬೇರು ಉಸಿರಾಡುವುದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ. ಆ ಜಾಗದಲ್ಲೆಲ್ಲ ನೀರು ತುಂಬಿದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಸಾಯುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ. ಹಾಗಾಗಿ ನೀರಿನಲ್ಲಿದ್ದೂ ಎಲೆ ಬಾಡುತ್ತದೆ. ನಾವು ನೀರಿಲ್ಲವೆಂದು ತಿಳಿದು ಮತ್ತೆ ಸುರಿಯುತ್ತೇವೆ. ಹೊಳೆ ಮಾಡಿದ್ದನ್ನೇ ನಾನು ಬಕೆಟ್ಟಿನಲ್ಲಿ ಮಾಡಿದ್ದೆ.

ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಕೇಳಿ, ಓದಿ, ವಿಚಾರಿಸಿ ನೆಟ್ಟೆ. ಆ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಪಾತ್ರೆ: 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಕೊಯ್ದರೆ ನೂರು ಲೀಟರಿನ ಎರಡು ಕುಂಡ ಆಗುತ್ತವೆ. ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡ. ತಳದಲ್ಲಿ ಹೆಬ್ಬೆರಳು ಗಾತ್ರದ ಎಂಟು-ಹತ್ತು ತೂತು ಮಾಡಿ, ಕೆಳಗೆ ಮೂರು ಇಟ್ಟಿಗೆ ಇಟ್ಟು ಎತ್ತರಿಸಿ. ಇಲ್ಲದಿದ್ದರೆ ತೂತು ಫರಸಿಗೆ ಅಂಟಿ ಮುಚ್ಚಿಹೋಗುತ್ತದೆ. ಒದ್ದೆ ಮಣ್ಣು ತುಂಬಿದ ಈ ಕುಂಡ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಹಳೆಯ ಮಾಳಿಗೆಯ ಮೇಲೆ ಇಡುವ ಮೊದಲು ಮನೆ ಮಾಲೀಕರನ್ನು ಕೇಳಿ. ನಾವು ಅಂಗಳದಲ್ಲೇ ಇಟ್ಟೆವು.

ಮಣ್ಣು: ನಮ್ಮ ಭಾಗದ ಎರೆಮಣ್ಣು ಹೊಲದಲ್ಲಿ ಬಂಗಾರ, ಕುಂಡದಲ್ಲಿ ಕಷ್ಟ. ಒದ್ದೆಯಾದಾಗ ಉಬ್ಬಿ ನೀರು ಹಿಡಿದಿಡುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಅಂಚಿನಿಂದಲೇ ಇಳಿದುಹೋಗಿ ನಡುವಿನ ಮಣ್ಣು ಒಣಗಿಯೇ ಇರುತ್ತದೆ. ನಾನು ಎರಡು ಪಾಲು ಗರಸುಮಣ್ಣು, ಒಂದು ಪಾಲು ಎರೆಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದೆ. ಮೇಲೆ ಕಬ್ಬಿನ ರವದಿ ಹೊದಿಸಿದೆ. ಬಿಸಿಲಿಗೆ ತೇವ ಆರದಂತೆ ಅದು ಕಾಯುತ್ತದೆ, ಆಮೇಲೆ ಕೊಳೆತು ಗೊಬ್ಬರವೂ ಆಗುತ್ತದೆ.

ತಳಿ: ಜವಾರಿ ಗಿಡ ಎತ್ತರಕ್ಕೆ ಹೋಗಿ ಗಾಳಿಗೆ ವಾಲುತ್ತದೆ. ಕುಂಡಕ್ಕೆ ಗಿಡ್ಡ ಜಾತಿಯ ಪಚ್ಚಬಾಳೆ ಇಲ್ಲವೆ ಜಿ-9 ಒಳ್ಳೆಯದು. ನಾನು ನರ್ಸರಿಯಿಂದ ಜಿ-9 ಅಂಗಾಂಶ ಕೃಷಿಯ ಸಸಿ ತಂದೆ. ಕಂದು ನೆಡುವವರು ಅಗಲ ಎಲೆಯ ನೀರುಕಂದು ಬಿಟ್ಟು, ಕತ್ತಿಯಂಥ ಕಿರಿದಾದ ಎಲೆಯ ಕಂದನ್ನೇ ಆರಿಸಿ. ಅದರ ಗಡ್ಡೆ ಗಟ್ಟಿ ಇರುತ್ತದೆ.

ನೀರು: ನಮ್ಮ ಓಣಿಗೆ ದಿನಾ ನಲ್ಲಿನೀರು ಬರುವುದಿಲ್ಲ. ಏಪ್ರಿಲ್‌ನ ಬಿಸಿಲಿಗೆ ಬಾಳೆ ದಿನವೂ ನೀರು ಕೇಳುತ್ತದೆ. ಇದಕ್ಕೆ ದಾರಿ ತೋರಿಸಿದವರು ದಾದಿಯೇ. ಡ್ರಮ್ಮಿನ ಪಕ್ಕದಲ್ಲಿ ಮಣೆ ಹಾಕಿಸಿಕೊಂಡು, ವುಜೂ ಮಾಡಿದ ನೀರು ಒಂದು ಬೋಗುಣಿಗೆ ಬೀಳುವಂತೆ ಮಾಡಿಕೊಂಡರು. ಅದರಲ್ಲಿ ಸೋಪು ಇರುವುದಿಲ್ಲ, ಹಾಗಾಗಿ ಗಿಡಕ್ಕೆ ತೊಂದರೆಯಿಲ್ಲ. ದಿನಕ್ಕೆ ಐದು ಹೊತ್ತು, ಮನೆಯಲ್ಲಿ ನಾಲ್ಕು ಜನ. ಬೇಸಿಗೆ ದಾಟಿತು. ಮಳೆಗಾಲದಲ್ಲಿ ಮಾತ್ರ ಆ ನೀರು ಹಾಕಲಿಲ್ಲ, ಬೆರಳು ಊರಿ ತೇವ ನೋಡಿಯೇ ಹಾಕಿದೆ.

ಬೋರ್‌ವೆಲ್ ನೀರು ಕೆಲವು ಕಡೆ ಸವಳು. ಅತಿಯಾಗಿ ನೀರು ಹಾಯಿಸಿ ನಮ್ಮ ಭಾಗದಲ್ಲಿ ಹೊಲಗಳು ಸವಳು-ಜವಳಾಗಿರುವುದನ್ನು ನೀವು ನೋಡಿದ್ದೀರಿ. ಕುಂಡದಲ್ಲೂ ಅದೇ ಆಗುತ್ತದೆ. ನೀರು ಆರಿ, ಉಪ್ಪು ಮಣ್ಣಿನಲ್ಲಿ ಉಳಿದು, ಎಲೆಯ ಅಂಚು ಸುಟ್ಟಂತೆ ಕಂದುತ್ತದೆ. ಮೊದಲ ಒಳ್ಳೆಯ ಮಳೆಯಲ್ಲಿ ಕುಂಡವನ್ನು ಬಯಲಿಗಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

ಗೊಬ್ಬರ: ನೀರಿನೊಂದಿಗೆ ಪೋಷಕಾಂಶವೂ ತೂತಿನಿಂದ ಹೋಗುತ್ತದೆ. ಆದ್ದರಿಂದ ಒಮ್ಮೆಲೇ ಬಹಳ ಹಾಕದೆ, ತಿಂಗಳಿಗೊಮ್ಮೆ ಎರಡು-ಮೂರು ಬೊಗಸೆ ಕಳಿತ ಗೊಬ್ಬರ ಹಾಕಿ. ಬಾಳೆಗೆ ಪೊಟ್ಯಾಷ್ ಹೆಚ್ಚು ಬೇಕು. ಒಲೆಯ ಬೂದಿಯಲ್ಲಿ ಅದು ಇದೆ, ಆದರೆ ಬೂದಿ ಕ್ಷಾರ, ಒಂದು ಹಿಡಿ ಸಾಕು.

ರೋಗ: ಎಲೆಗಳು ಚಿಕ್ಕದಾಗಿ ತುದಿಯಲ್ಲಿ ಗುಂಪುಗೂಡಿ ನಿಂತರೆ ಅದು ಹೇನುಗಳಿಂದ ಹರಡುವ ವೈರಸ್. ಔಷಧಿ ಇಲ್ಲ, ಗಡ್ಡೆ ಸಮೇತ ಕಿತ್ತು ನಾಶಮಾಡಬೇಕು. ಬರೀ ಹೇನಿದ್ದರೆ ಸೋಪಿನ ತೆಳು ನೀರು ಸಾಕು. ನಿಪ್ಪಾಣಿ ಕಡೆ ತಂಬಾಕಿನ ನೀರು ಹೊಡೆಯಿರಿ ಎನ್ನುವವರಿದ್ದಾರೆ. ನಿಕೋಟಿನ್ ಹೇನನ್ನು ಕೊಲ್ಲುತ್ತದೆ ನಿಜ, ಆದರೆ ಚರ್ಮದ ಮೂಲಕವೂ ನಮ್ಮ ದೇಹ ಸೇರುವ ವಿಷ ಅದು. ಮನೆಯಲ್ಲಿ ಬೇಡ.

ಸಸ್ಯಶಾಸ್ತ್ರದಲ್ಲಿ ನಾವು ಬಾಳೆಯನ್ನು ಮ್ಯೂಸಾ ಎಂದು ಓದುತ್ತೇವೆ. ಅರಬ್ಬಿಯ ಮೌಜ್ ಎಂಬ ಪದದಿಂದ ಈ ಹೆಸರು ಬಂದಿದೆ ಎಂಬ ಅಭಿಪ್ರಾಯವಿದೆ. ಮೌಜ್ ಎಂದರೆ ಬಾಳೆಹಣ್ಣೇ. ಇನ್ನೊಂದು ವಿಷಯ: ಬಾಳೆ ಮರವಲ್ಲ. ನಾವು ಕಾಂಡ ಎನ್ನುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಒಂದು ಗಿಡ ಒಂದೇ ಸಲ ಗೊನೆ ಬಿಟ್ಟು ಸಾಯುತ್ತದೆ, ಪಕ್ಕದ ಕಂದು ಮುಂದುವರಿಯುತ್ತದೆ. ಕುಂಡದಲ್ಲಿ ಒಂದೇ ಕಂದು ಉಳಿಸಿ, ಉಳಿದವನ್ನು ತೆಗೆಯಿರಿ.

ಹೊಲದಲ್ಲಿ ಜಿ-9 ಸುಮಾರು ಒಂದು ವರ್ಷಕ್ಕೆ ಕಟಾವಿಗೆ ಬರುತ್ತದೆ. ನನ್ನ ಡ್ರಮ್ಮಿನ ಗಿಡಕ್ಕೆ ಹದಿನೇಳು ತಿಂಗಳು ಬೇಕಾಯಿತು. ಚಳಿಗಾಲದಲ್ಲಿ ಅದು ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು. ಗೊನೆಯೂ ಚಿಕ್ಕದು, ಐದೇ ಚಿಪ್ಪು. ಖರ್ಚು ಲೆಕ್ಕ ಹಾಕಿದರೆ ಸಂತೆಯಲ್ಲಿ ಕೊಳ್ಳುವುದೇ ಅಗ್ಗ. ಇದನ್ನು ಮುಚ್ಚಿಡುವುದಿಲ್ಲ.

ಆದರೆ ಈ ಸಲದ ರಂಜಾನ್‌ನಲ್ಲಿ, ಪರೀಕ್ಷೆಯ ಗಡಿಬಿಡಿಯ ನಡುವೆ, ಇಫ್ತಾರಿನ ತಟ್ಟೆಯಲ್ಲಿ ನಮ್ಮ ಅಂಗಳದ ಹಣ್ಣಿತ್ತು. ಮೂರು ಚಿಪ್ಪು ಅಕ್ಕಪಕ್ಕದ ಮನೆಗಳಿಗೂ ಮನೆ ಮಾಲೀಕರಿಗೂ ಹೋದವು. ಹೊಳೆ ಬಂದ ವರ್ಷದಿಂದ ದಾದಿ ಯಾರ ಮನೆಗೂ ತಮ್ಮ ಬಾಳೆ ಕಳಿಸಿರಲಿಲ್ಲ. ಒಂದು ಹಣ್ಣು ತಿಂದು ಅಂದರು: "ಚೊಲೋ ಐತಿ. ಖರೆ, ಜವಾರಿ ರುಚಿ ಇಲ್ಲ."

ಅದಕ್ಕೇ ಡ್ರಮ್ಮಿನ ಇನ್ನೊಂದು ಅರ್ಧಕ್ಕೆ ಈಗ ಜವಾರಿ ಕಂದು ನೆಟ್ಟಿದ್ದೇನೆ. ಎತ್ತರವಾದರೆ ಗೋಡೆಗೆ ಬಿದಿರು ಕಟ್ಟಿ ನಿಲ್ಲಿಸುತ್ತೇನೆ. ಜೂನ್‌ನಲ್ಲಿ ಜಿ-9ರ ಕಂದು ಕೊಡಬಹುದು. ಅಷ್ಟರಲ್ಲಿ ನಾನು ಕಾಲೇಜು ಬಿಟ್ಟಿರುತ್ತೇನೆ, ತಂಗಿ ಪ್ರಥಮ ಪಿಯುಸಿಗೆ ಸೇರಿರುತ್ತಾಳೆ. ಬೇಕಾದವರು ಅವಳನ್ನು ಕೇಳಿ. ತಳಕ್ಕೆ ತೂತು ಮಾಡಿದ ಕುಂಡ ಮಾತ್ರ ನೀವೇ ತನ್ನಿ.