ಉಸಿರಿನ ಅಳತೆ: ಆಸ್ಪತ್ರೆಯ ಮಕ್ಕಳೂ ಶ್ವಾಸ ಚಿಕಿತ್ಸಕರೂ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಚಿಕ್ಕಜಾಜೂರು ರೈಲು ಪ್ರಯಾಣಿಕರಿಗೆ ಪರಿಚಿತವಾದ ಊರು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹೋಗುವ ದಾರಿ ಇಲ್ಲಿ ಕವಲೊಡೆಯುತ್ತದೆ. ಈ ಸೀಮೆಯಲ್ಲಿ ಮಗುವೊಂದು ಏದುಸಿರು ಬಿಡುತ್ತ, ಅದರ ಪಕ್ಕೆಗಳು ಒಳಕ್ಕೆ ಸೆಳೆಯತೊಡಗಿದರೆ ಮನೆಯವರು ಅದನ್ನು ಚಿತ್ರದುರ್ಗಕ್ಕೊ ದಾವಣಗೆರೆಗೊ ಒಯ್ಯುತ್ತಾರೆ. ಕಾಯಿಲೆ ಕಠಿಣವಾದರೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರು ಯಾರು, ದಾದಿಯರು ಯಾರು ಎಂಬುದು ತಾಯಿತಂದೆಗಳಿಗೆ ಬೇಗನೆ ತಿಳಿಯುತ್ತದೆ. ಆದರೆ ಹಾಸಿಗೆಯ ಬಳಿಯಲ್ಲಿ ನಿಂತು, ಮಗುವಿನ ಎದೆಯನ್ನೂ ಯಂತ್ರದ ಅಂಕಿಗಳನ್ನೂ ಒಂದೇ ಗಮನದಿಂದ ನೋಡುತ್ತಿರುವ ಮತ್ತೊಬ್ಬರನ್ನು ಏನೆಂದು ಕರೆಯಬೇಕೆಂಬುದು ತಿಳಿಯುವುದಿಲ್ಲ. ಇವರೇ ರೆಸ್ಪಿರೇಟರಿ ಥೆರಪಿಸ್ಟರು. ಈ ಲೇಖನದಲ್ಲಿ ಅವರನ್ನು ಶ್ವಾಸ ಚಿಕಿತ್ಸಕರೆಂದು ಕರೆದಿದೆ. ಲೇಖಕನು ವೈದ್ಯನಲ್ಲ, ಚರಿತ್ರೆಯ ಅಧ್ಯಾಪಕ. ಈ ವೃತ್ತಿಯು ಯಾವ ಅಗತ್ಯದಿಂದ ಹುಟ್ಟಿತು, ಮಕ್ಕಳ ವಿಷಯದಲ್ಲಿ ಅದರ ಹೊಣೆ ಎಂತಹುದು ಎಂಬುದನ್ನು ವಿವರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮಕ್ಕಳ ಉಸಿರಾಟವು ದೊಡ್ಡವರ ಉಸಿರಾಟದ ಕಿರಿದಾದ ಪ್ರತಿಯೆಂದು ಭಾವಿಸುವುದು ತಪ್ಪು. ಹಸುಳೆಯ ಶ್ವಾಸನಾಳದ ವ್ಯಾಸ ಸುಮಾರು 4 ಮಿಲಿಮೀಟರು. ಅದರ ಒಳಗೋಡೆ ಊದಿಕೊಂಡು ಸುತ್ತಲೂ 1 ಮಿಲಿಮೀಟರಿನಷ್ಟು ದಪ್ಪವಾದರೆ ಗಾಳಿಗೆ ಉಳಿಯುವ ದಾರಿ 2 ಮಿಲಿಮೀಟರು ಮಾತ್ರ. ನಾಳದ ವ್ಯಾಸ ಅರ್ಧಕ್ಕಿಳಿದರೆ ಸರಾಗವಾದ ಹರಿವಿಗೆ ಒದಗುವ ತಡೆ 16 ಪಟ್ಟಾಗುತ್ತದೆಂಬುದು ಭೌತವಿಜ್ಞಾನದ ನಿಯಮ. 8 ಮಿಲಿಮೀಟರು ವ್ಯಾಸದ ನಾಳದಲ್ಲಿ ಅಷ್ಟೇ ಊತದಿಂದ ತಡೆಯು ಸುಮಾರು 3 ಪಟ್ಟು ಹೆಚ್ಚುತ್ತದೆ, ಅಷ್ಟೆ. ದೊಡ್ಡವರಿಗೆ ಬರಿಯ ನೆಗಡಿಯಾದ ಸೋಂಕು ಹಸುಳೆಗೆ ಪ್ರಾಣಸಂಕಟವಾಗುವುದು ಈ ಕಾರಣದಿಂದಲೇ. ಅಲ್ಲದೆ, 1 ಕಿಲೋಗ್ರಾಂ ತೂಕದ ಅಕಾಲಜಾತ ಶಿಶುವು ಒಂದು ಉಸಿರಿಗೆ ಒಳಗೆಳೆಯುವ ಗಾಳಿ 4ರಿಂದ 6 ಮಿಲಿಲೀಟರು, ಎಂದರೆ ಒಂದು ಸಣ್ಣ ಚಮಚೆಯಷ್ಟು. ಯಂತ್ರವು ಇದಕ್ಕಿಂತ ತುಸು ಹೆಚ್ಚು ಒತ್ತಿದರೂ ಎಳೆಯ ಪುಪ್ಪುಸಕ್ಕೆ ಗಾಯವಾಗಬಹುದು. ತುಸು ಕಡಮೆಯಾದರೆ ಉಸಿರು ಸಾಲದು.

ಈ ವೃತ್ತಿಯ ಚರಿತ್ರೆ ಬಹಳ ಹಳೆಯದಲ್ಲ. 1928ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಪೋಲಿಯೊದಿಂದ ಉಸಿರು ಸೋತ 8 ವರ್ಷದ ಬಾಲಕಿಯನ್ನು ಫಿಲಿಪ್ ಡ್ರಿಂಕರ್ ರೂಪಿಸಿದ ‘ಕಬ್ಬಿಣದ ಪುಪ್ಪುಸ’ವೆಂಬ ಪೆಟ್ಟಿಗೆಯಲ್ಲಿ ಇರಿಸಲಾಯಿತು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಾವಳಿಯೆದ್ದಾಗ ಬ್ಲೆಗ್ಡಮ್ ಆಸ್ಪತ್ರೆಯಲ್ಲಿದ್ದ ಅಂತಹ ಪೆಟ್ಟಿಗೆ ಒಂದೇ ಒಂದು. ಎದೆಗೆ ಕಟ್ಟುವ ಯಂತ್ರಗಳು ಆರು. ಮೊದಲ ಮೂರು ವಾರಗಳಲ್ಲಿ ಈ ಯಂತ್ರಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಸತ್ತರು. ಆಗಸ್ಟ್ 27ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯನು 12 ವರ್ಷದ ಬಾಲಕಿಯೊಬ್ಬಳ ಶ್ವಾಸನಾಳದಲ್ಲಿ ಕೊಳವೆಯಿರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕುತ್ತ ಉಸಿರು ನೀಡಿದನು. ಅವಳು ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಹಾಸಿಗೆಗಳ ಬಳಿ ಕುಳಿತು ಚೀಲ ಹಿಸುಕಿದರು. ಮರಣದ ಪ್ರಮಾಣ ಬಹುವಾಗಿ ಇಳಿಯಿತು. ಆ ವಿದ್ಯಾರ್ಥಿಗಳಿಗೆ ಶ್ವಾಸ ಚಿಕಿತ್ಸಕರೆಂಬ ಹೆಸರಿರಲಿಲ್ಲ; ಆದರೆ ಅವರು ಮಾಡಿದ್ದು ಆ ಕೆಲಸವನ್ನೇ. ಹೆಸರಿನ ಹುಟ್ಟು ಬೇರೆಡೆ ಆಯಿತು. ಆಮ್ಲಜನಕದ ಉಪಚಾರ ನಡೆಸುವವರು 1947ರಲ್ಲಿಯೇ ಷಿಕಾಗೋದಲ್ಲಿ ತಮ್ಮದೊಂದು ಸಂಘವನ್ನು ಸ್ಥಾಪಿಸಿದ್ದರು.

ಉಸಿರು ಕೊಡುವುದಷ್ಟೇ ಸಾಲದು, ಅಳೆದು ಕೊಡಬೇಕೆಂಬ ಪಾಠವನ್ನು ಕಲಿಸಿದ್ದು ಅದೇ ಕಾಲದ ಮತ್ತೊಂದು ಪ್ರಕರಣ. 1940ರ ದಶಕದಿಂದ ಅಕಾಲಜಾತ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವ ಪದ್ಧತಿ ಸಿರಿವಂತ ದೇಶಗಳಲ್ಲಿ ಹಬ್ಬಿತು. ಸುಮಾರು ಹತ್ತು ಸಾವಿರ ಶಿಶುಗಳು ಕುರುಡಾದರು. ಇದಕ್ಕೆ ಅತಿಯಾದ ಆಮ್ಲಜನಕವೇ ಕಾರಣವಿರಬಹುದೆಂದು ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ತೋರಿಸಿದರು. ಅಮೆರಿಕದ ಹಲವು ಆಸ್ಪತ್ರೆಗಳು 1953–54ರಲ್ಲಿ ಕೂಡಿ ನಡೆಸಿದ ಪರೀಕ್ಷೆ ಅದನ್ನು ಸ್ಥಿರಪಡಿಸಿತು. ಆಗ ವೈದ್ಯಲೋಕ ಇನ್ನೊಂದು ಅತಿಗೆ ಹೋಯಿತು. ಆಮ್ಲಜನಕವನ್ನು ಬಿಗಿಹಿಡಿದು ಕೊಟ್ಟುದರಿಂದ ಕಣ್ಣುಗಳು ಉಳಿದವು, ಆದರೆ ಉಸಿರು ಸಾಲದೆ ಸತ್ತ ಶಿಶುಗಳ ಸಂಖ್ಯೆ ಏರಿತೆಂದು 1973ರಲ್ಲಿ ಕೆನೆತ್ ಕ್ರಾಸ್ ಲೆಕ್ಕಹಾಕಿದರು. ಹೆಚ್ಚಾದರೆ ಕಣ್ಣಿಗೆ ಕೇಡು, ಕಡಮೆಯಾದರೆ ಜೀವಕ್ಕೆ ಕೇಡು: ಶ್ವಾಸ ಚಿಕಿತ್ಸಕರು ಕೆಲಸ ಮಾಡುವುದು ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ.

ಅವರ ದಿನಚರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ಮಗುವಿನ ಉಸಿರನ್ನು ಪೂರ್ಣ ಒಂದು ನಿಮಿಷ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40, ಇಲ್ಲವೆ ಅವುಗಳಿಗೆ ಮೀರಿದ ಎಣಿಕೆ ಅಪಾಯದ ಸೂಚನೆ. ಬಳಿಕ ವೆಂಟಿಲೇಟರಿನ ಒತ್ತಡ, ಗಾಳಿಯ ಪ್ರಮಾಣ, ತೇವ, ಉಷ್ಣತೆಗಳನ್ನು ಪರೀಕ್ಷಿಸುತ್ತಾರೆ. ಕೊಳವೆಯಲ್ಲಿ ಕಟ್ಟಿದ ಕಫವನ್ನು ಹೀರಿ ತೆಗೆಯುತ್ತಾರೆ. ರಕ್ತದಲ್ಲಿಯ ಅನಿಲಗಳ ಫಲಿತಾಂಶವನ್ನು ವೈದ್ಯರೊಡನೆ ಚರ್ಚಿಸುತ್ತಾರೆ. ಉಬ್ಬಸದ ಮಗುವಿಗೆ ನೆಬ್ಯುಲೈಸರಿನಿಂದ ಔಷಧ ಕೊಡುವಾಗ ಅದನ್ನು ತಾಯಿಯ ತೊಡೆಯ ಮೇಲೆ ಕೂರಿಸುವುದು ಕೇವಲ ಮುದ್ದಿಗಾಗಿ ಅಲ್ಲ. ಅಳುವ ಮಗುವಿನ ಪುಪ್ಪುಸಕ್ಕೆ ಇಳಿಯುವ ಔಷಧ ಬಹಳ ಕಡಮೆ. ಕೊನೆಯದಾಗಿ, ಮಗುವನ್ನು ಯಂತ್ರದಿಂದ ಯಾವಾಗ ಬಿಡಿಸಬಹುದೆಂಬ ಪ್ರತಿದಿನದ ಪ್ರಶ್ನೆಗೆ ಬೇಕಾದ ಆಧಾರಗಳನ್ನು ಒದಗಿಸುವವರೂ ಅವರೇ.

ಈ ಕೆಲಸಕ್ಕೆ ಯಾವಾಗಲೂ ಬೆಲೆಬಾಳುವ ಯಂತ್ರಗಳೇ ಬೇಕೆಂದಿಲ್ಲ. ಅಕಾಲಜಾತ ಶಿಶುಗಳ ಗಾಳಿಗೂಡುಗಳು ಪ್ರತಿ ನಿಶ್ವಾಸದಲ್ಲಿಯೂ ಮುಚ್ಚಿಕೊಳ್ಳುವುದಕ್ಕೆ ಅವುಗಳ ಒಳಮೈಯನ್ನು ಲೇಪಿಸುವ ಒಂದು ದ್ರವ್ಯದ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಸದಾ ಸ್ವಲ್ಪ ಒತ್ತಡವಿರಿಸಿ ಆ ಗೂಡುಗಳನ್ನು ತೆರೆದಿಡಬಹುದೆಂಬುದನ್ನು ಜಾರ್ಜ್ ಗ್ರೆಗರಿ 1971ರಲ್ಲಿ ಪ್ರಕಟಿಸಿದರು. ಇದರ ಸರಳ ರೂಪ ‘ಬಬಲ್ ಸಿಪ್ಯಾಪ್’. ಮೂಗಿಗೆ ಗಾಳಿಯೂಡುವ ಕೊಳವೆಯ ಇನ್ನೊಂದು ತುದಿಯನ್ನು 5 ಸೆಂಟಿಮೀಟರು ಆಳದ ನೀರಿನಲ್ಲಿ ಮುಳುಗಿಸಿದರೆ, ಅಷ್ಟು ನೀರಿನ ಒತ್ತಡವೇ ಶಿಶುವಿಗೆ ದೊರೆಯುತ್ತದೆ. ಗುಳ್ಳೆಗಳು ನಿಂತುವೆಂದರೆ ಎಲ್ಲೊ ಗಾಳಿ ಸೋರುತ್ತಿದೆ ಎಂದರ್ಥ. ಆದರೆ ಗುಳ್ಳೆ ನಿಂತುದನ್ನು ನೋಡುವುದಕ್ಕೆ ಒಬ್ಬರು ಅಲ್ಲಿರಬೇಕು.

ನಮ್ಮ ನಾಡಿನಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಚರಿತ್ರೆಯುಂಟು. ಹಿರಿಯೂರಿನ ಮಾರಿಕಣಿವೆಯ ಜಲಾಶಯಕ್ಕೆ ಯಾವ ಮಹಾರಾಣಿಯ ಹೆಸರಿದೆಯೊ, ಅದೇ ಹೆಸರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಶ್ವಾಸ ಚಿಕಿತ್ಸೆಯ ವೃತ್ತಿಶಿಕ್ಷಣ ಮಾತ್ರ ತಡವಾಗಿ ಬಂದಿತು. ಇಂದು ಮಣಿಪಾಲದಲ್ಲಿಯೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿಯೂ ಇದರ ಪದವಿ ಶಿಕ್ಷಣವುಂಟು. 2020ರ ಕೋವಿಡ್ ಕಾಲದಲ್ಲಿ ಕೇಂದ್ರದ ನಿಧಿಯಿಂದ 50,000 ವೆಂಟಿಲೇಟರುಗಳಿಗಾಗಿ 2,000 ಕೋಟಿ ರೂಪಾಯಿ ಗೊತ್ತುಮಾಡಲಾಯಿತು; ಯಂತ್ರ ಬಂದರೂ ಅದನ್ನು ನಡೆಸಬಲ್ಲವರಿಲ್ಲದ ಕಷ್ಟವನ್ನು ಆಗ ದೇಶ ಕಂಡಿತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ತನ್ನ ಪಟ್ಟಿಯಲ್ಲಿ ಈ ವೃತ್ತಿಯನ್ನೂ ಹೆಸರಿಸಿತು.

ಕಾಯ್ದೆಯಲ್ಲಿ ಹೆಸರು ಬಂದರೆ ಸಾಲದು. ಜಿಲ್ಲೆಯ ಆಸ್ಪತ್ರೆಯ ರಾತ್ರಿಯ ಪಾಳಿಯಲ್ಲಿ ಆ ಹೆಸರಿನವರೊಬ್ಬರು ಇರಬೇಕು. ಹಲವು ಆಸ್ಪತ್ರೆಗಳಲ್ಲಿ ದಾದಿಯರೂ ಕಿರಿಯ ವೈದ್ಯರೂ ತಮ್ಮ ಇತರ ಕರ್ತವ್ಯಗಳ ನಡುವೆಯೇ ಈ ಹೊರೆಯನ್ನೂ ಹೊತ್ತಿದ್ದಾರೆ. ವಿಜ್ಞಾನ ಓದಿ ಮುಂದೇನೆಂದು ಯೋಚಿಸುವ ನಮ್ಮ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ವೃತ್ತಿಯ ಪರಿಚಯ ಮಾಡಿಕೊಡುವುದು ಉಚಿತ. ಕೋಪನ್‌ಹೇಗನ್ನಿನಲ್ಲಿ ಚೀಲ ಹಿಸುಕಿದವರೂ ಅವರ ವಯಸ್ಸಿನ ವಿದ್ಯಾರ್ಥಿಗಳೇ ಆಗಿದ್ದರು.